ಬೆಳಗಿನ ಲೇಬಲ್, ಮಧ್ಯಾಹ್ನದ ಲೇಬಲ್

ಫೆಬ್ರವರಿ 4

ಅಕ್ಕ,

ಕಾಗದ ಮನೆಗೆ ಬರದೆ ನಿನ್ನ ಕೆಲಸದ ಜಾಗಕ್ಕೆ ಬಂತಲ್ಲ ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಫೋನು ಮಾಡೋಣವೆಂದರೆ ನಿಮ್ಮ ಮನೆಯ ಫೋನು ಭಾವನ ಜೇಬಿನಲ್ಲಿರುತ್ತದೆ. ನನ್ನ ಕೋಣೆಯಲ್ಲಿ ನಾವು ನಾಲ್ಕು ಜನ ಹುಡುಗಿಯರು. ಅಂಗಡಿಯಲ್ಲಂತೂ ಮಾಸ್ಟರ್ ನನ್ನ ಮಿಷನ್ನಿನಿಂದ ಮೂರಡಿ ದೂರದಲ್ಲಿ ನಿಂತು ಬಟ್ಟೆ ಕತ್ತರಿಸುತ್ತಾರೆ. ಇದು ಬಾಯಿಬಿಟ್ಟು ಹೇಳುವ ವಿಷಯವಲ್ಲ. ಬರೆಯುವುದಕ್ಕೇ ಎರಡು ಹಾಳೆ ಹರಿದುಹಾಕಿದ್ದೇನೆ. ನಾಲ್ಕನೇ ಕ್ಲಾಸಿಗೆ ಬಿಟ್ಟ ಓದು, ತಪ್ಪಿದ್ದರೆ ತಿದ್ದಿಕೊಂಡು ಓದು.

ನನ್ನ ಎದೆಯ ವಿಷಯ. ಚೆಂದಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ದಿನಕ್ಕೆ ಒಂಬತ್ತು ಗಂಟೆ ಬಗ್ಗಿ ಹೊಲಿದು ಎದ್ದರೆ ಕುತ್ತಿಗೆ ಕಲ್ಲಾಗಿರುತ್ತದೆ. ಭುಜದ ಮೇಲೆ ಒಳ ಅಂಗಿಯ ಪಟ್ಟಿ ಕೂರುವ ಕಡೆ ಬೆರಳು ಇಳಿಯುವಷ್ಟು ಗುಳಿ ಬಿದ್ದಿದೆ. ಸೆಕೆಗಾಲದಲ್ಲಿ ಕೆಳಗೆಲ್ಲ ಬೆವರುಗುಳ್ಳೆ. ಬಸ್ಸಿನಲ್ಲಿ ಜಾಗವಿದ್ದರೂ ಚೀಲ ಅವಚಿಕೊಂಡು ಮೂಲೆಯಲ್ಲಿ ನಿಲ್ಲುತ್ತೇನೆ. ಪುಟ್ಟಿ ಎಂದು ಕರೆದವರು ಈಗ ನನ್ನನ್ನು ನೋಡಿದರೆ ಹೆಸರನ್ನು ವಾಪಸು ತೆಗೆದುಕೊಳ್ಳುತ್ತಾರೆ.

ನಮ್ಮ ಬೀದಿಗೆ ಒಬ್ಬ ಆಂಟಿ ಬರುತ್ತಾರೆ. ದೊಡ್ಡ ಬ್ಯಾಗಿನಲ್ಲಿ ಕ್ರೀಮು, ಪೌಡರು, ತಲೆಗೂದಲಿನ ಎಣ್ಣೆ ತಂದು ಮಾರುತ್ತಾರೆ. ಎಲ್ಲರೂ ಬ್ಯಾಗಿನಾಂಟಿ ಎನ್ನುತ್ತಾರೆ. ಅವರ ಹತ್ತಿರ ಒಂದು ಮಾತ್ರೆ ಇದೆ. ತಿಂದರೆ ಎದೆ ಚಿಕ್ಕದಾಗುತ್ತದಂತೆ.

"ಆಪರೇಷನ್ ಅಂದ್ರೆ ಏನಮ್ಮ, ಕತ್ತರಿ, ಹೊಲಿಗೆ. ದಿನಾ ನೀನು ಬಟ್ಟೆಗೆ ಮಾಡೋದನ್ನ ನಿನ್ನ ಮೈಗೆ ಮಾಡಿಸ್ಕೋತೀಯಾ? ಇದನ್ನ ನೀರಲ್ಲಿ ನುಂಗು. ಮೂರು ತಿಂಗಳಿಗೆ ಕರಗುತ್ತೆ" ಅಂದರು.

"ಎದೇನೇ ಕರಗಿಸ್ಬೇಕು ಅಂತ ಮಾತ್ರೆಗೆ ಹೇಗೆ ಗೊತ್ತಾಗುತ್ತೆ ಆಂಟಿ?" ಎಂದು ಕೇಳಿದೆ.

"ತಲೆನೋವಿನ ಮಾತ್ರೆಗೆ ತಲೆ ಎಲ್ಲಿದೆ ಅಂತ ಯಾರು ತೋರಿಸ್ಕೊಟ್ರು?" ಅಂದರು.

ನಿನ್ನೆ ಎಲ್ಲರೂ ಊಟಕ್ಕೆ ಹೋದಾಗ ಅಳೆದುಕೊಂಡೆ. ಅಂಗಡಿಯ ಟೇಪಿನ ತುದಿಯ ತಗಡು ಉದುರಿ ಮೊದಲಿನ ಒಂದು ಇಂಚು ಕಿತ್ತುಹೋಗಿದೆ. ಎರಡು ವರ್ಷದಿಂದ ನಾವು ಬಂದ ಅಳತೆಯಲ್ಲಿ ಒಂದು ಕಳೆದೇ ಬರೆಯುವುದು. ಹಾಗೆ ಕಳೆದೂ ನನ್ನದು ನಲವತ್ತೆರಡು.

ನೀನು ಮಾತ್ರೆ ಪ್ಯಾಕ್ ಮಾಡುವ ಕಡೆ ಇದ್ದೀಯ. ನಿನಗೆ ಗೊತ್ತಿರುತ್ತದೆ. ಇಂಥ ಮಾತ್ರೆ ನಿಜವಾಗಿ ಇದೆಯಾ? ತೆಗೆದುಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.

ಪುಟ್ಟಿ


ಫೆಬ್ರವರಿ 13

ಪುಟ್ಟಿ,

ನಿನ್ನ ಕಾಗದ ಗೇಟಿನ ವಾಚ್‌ಮನ್ ತಂದುಕೊಟ್ಟ. ಲಕೋಟೆ ಒಂದು ಮೂಲೆಯಲ್ಲಿ ಎದ್ದಿತ್ತು. ದಿನವಿಡೀ ಅಂಟಿನ ಕೆಲಸ ಮಾಡುವವಳು ನಾನು. ತಾನಾಗಿ ಎದ್ದದ್ದಕ್ಕೂ ಎಬ್ಬಿಸಿದ್ದಕ್ಕೂ ವ್ಯತ್ಯಾಸ ನನಗೆ ಗೊತ್ತಾಗುತ್ತದೆ. ಮುಂದಿನ ಸಲ ಅಂಚಿಗೆಲ್ಲ ಗೋಂದು ಹಚ್ಚು.

ಆ ಮಾತ್ರೆ ತೆಗೆದುಕೊಳ್ಳಬೇಡ.

ಯಾಕೆ ಎಂದು ಕೇಳಬೇಡ. ನಾನು ಬರೀ ಬಾಟಲಿಗೆ ಲೇಬಲ್ ಅಂಟಿಸುವವಳು. ಒಳಗೇನಿದೆ ಎಂದು ನಮಗೆ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಕೇಳಿದ ಒಬ್ಬಳು ಈಗ ಕೆಲಸದಲ್ಲಿ ಇಲ್ಲ.

ಆ ಆಂಟಿ ಎಲ್ಲಿಯವಳು? ನಿಮ್ಮ ಬೀದಿಯಲ್ಲಿ ಯಾರಿಗಾದರೂ ಅವಳ ಮನೆ ಗೊತ್ತೇ? ಬ್ಯಾಗು ಹೊತ್ತು ಬರುವವರನ್ನು ಬರುವ ದಾರಿಯಲ್ಲಿ ಮಾತ್ರ ನೋಡಬಹುದು, ಏನಾದರೂ ಆದಮೇಲೆ ಹುಡುಕಿದರೆ ಸಿಗುವುದಿಲ್ಲ. ಅವಳೇ ಆ ಮಾತ್ರೆ ತಿಂದಿದ್ದಾಳೆಯೇ ಎಂದು ಕೇಳು. ಕೇಳುವಾಗ ಅವಳ ಮುಖ ನೋಡು.

ಇನ್ನೊಂದು. ಬಾಟಲಿಯ ಮುಚ್ಚಳ ಯಾವ ಬಣ್ಣದ್ದು? ಮಾತ್ರೆ ಬೆಳ್ಳಗಿದೆಯೋ, ನಡುವೆ ಗೀಟು ಇದೆಯೋ? ಲೇಬಲ್ಲಿನ ಮೇಲೆ ಹೂವಿನ ಚಿತ್ರವೋ, ಹೆಂಗಸಿನದೋ? ಇದಿಷ್ಟು ಬರೆದು ತಿಳಿಸು. ಈ ಕಾಗದ ಹರಿದುಹಾಕು.

ಅಕ್ಕ


ಮಾರ್ಚ್ 2

ಅಕ್ಕ,

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಯೋಚಿಸುತ್ತಿದ್ದೇನೆ ಎಂದು ಬರೆದ ದಿನಕ್ಕೆ ನಾನು ಮಾತ್ರೆ ಶುರು ಮಾಡಿ ಒಂಬತ್ತು ದಿನವಾಗಿತ್ತು. ನೀನು ಹೂಂ ಎನ್ನುತ್ತೀಯ, ಆಮೇಲೆ ಹೇಳೋಣ ಎಂದುಕೊಂಡಿದ್ದೆ.

ಈಗ ಕೇಳು. ಕೆಲಸ ಮಾಡುತ್ತಿದೆ. ಹೋದ ವಾರ ಮಾಸ್ಟರ್ ಹೊಸ ಟೇಪು ತಂದರು. ಹಳದಿಯದು, ಎರಡು ತುದಿಗೂ ತಗಡು. ಅದರಲ್ಲಿ ಅಳೆದೆ. ನಲವತ್ತೊಂದು. ಸುಳ್ಳಿರಬೇಕು ಎಂದು ಉಸಿರು ಬಿಟ್ಟು ಅಳೆದೆ, ಉಸಿರು ಎಳೆದು ಅಳೆದೆ, ಮಾರನೆಯ ದಿನ ಮತ್ತೆ ಅಳೆದೆ. ನಲವತ್ತೊಂದೇ. ನಾನು ಅಳತೆಯಲ್ಲಿ ತಪ್ಪುವವಳಲ್ಲ ಎಂದು ಮಾಸ್ಟರೇ ಗಿರಾಕಿಗಳ ಮುಂದೆ ಹೇಳುತ್ತಾರೆ. ಒಂದು ಇಂಚು ಹೋಯಿತಲ್ಲ ಅಕ್ಕ. ಆ ದಿನ ಬಸ್ಸಿನಲ್ಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಂತೆ.

ಬ್ಯಾಗಿನಾಂಟಿಯನ್ನು ನೀನು ಹೇಳಿದ ಹಾಗೆ ಕೇಳಿದೆ. "ನಂಗ್ಯಾಕಮ್ಮ ಅದು, ನನ್ನದೆಲ್ಲಾ ಮಕ್ಕಳು ಕುಡಿದು ಖಾಲಿ ಮಾಡಿದ್ರಲ್ಲ" ಎಂದು ನಕ್ಕರು. ಮುಖದಲ್ಲಿ ಏನೂ ಕಾಣಲಿಲ್ಲ, ಪೌಡರು ಜಾಸ್ತಿ ಇತ್ತು.

ನೀನು ಕೇಳಿದ್ದಕ್ಕೆ ಉತ್ತರ: ಮುಚ್ಚಳ ಹಸಿರು. ಮಾತ್ರೆ ಬೆಳ್ಳಗೆ, ನಡುವೆ ಗೀಟು. ಲೇಬಲ್ಲಿನ ಮೇಲೆ ಹೂವು. ಇದೆಲ್ಲ ನಿನಗೆ ಯಾಕೆ ಬೇಕು? ಏನೂ ಗೊತ್ತಿಲ್ಲ ಎಂದವಳು ಮಾತ್ರೆಯ ಗೀಟು ಎಲ್ಲಿದೆ ಎಂದು ಕೇಳುತ್ತೀಯ. ನೋಡದೇ ಇರುವ ಬಟ್ಟೆಗೆ ಗುಂಡಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಒಂದೇ ತೊಂದರೆ, ನಿದ್ದೆ ಸ್ವಲ್ಪ ಕಡಿಮೆಯಾಗಿದೆ. ಬಿಸಿಲು ಜಾಸ್ತಿ, ಅದಕ್ಕಿರಬೇಕು.

ಪುಟ್ಟಿ


ಮಾರ್ಚ್ 10

ಪುಟ್ಟಿ,

ಸುಮ್ಮನಿದ್ದಲ್ಲೇ ಎದೆ ಡವಡವ ಎನ್ನುತ್ತದೆಯೇ? ಬೆರಳು ನಡುಗುತ್ತವೆಯೇ? ಬೇರೆಯವರಿಗೆ ಸೆಕೆಯಿಲ್ಲದಾಗ ನಿನಗೊಬ್ಬಳಿಗೆ ಬೆವರುತ್ತದೆಯೇ? ಈ ತಿಂಗಳು ಮುಟ್ಟು ಸರಿಯಾಗಿ ಆಯಿತೇ? ನಿದ್ದೆ ಕಡಿಮೆಯಾಗಿದ್ದು ಮಾತ್ರೆ ಶುರು ಮಾಡಿದ ಎಷ್ಟನೆಯ ದಿನದಿಂದ?

ಒಂದೊಂದಕ್ಕೂ ಹೌದು ಅಲ್ಲ ಎಂದು ಬರೆ. ಬಿಸಿಲಿನ ಕತೆ ಬೇಡ.

ಒಂದು ಇಂಚಿನ ವಿಷಯ ನಾನು ನಂಬುವುದಿಲ್ಲ. ನೀನು ಸುಳ್ಳು ಹೇಳುತ್ತಿದ್ದೀಯ ಎಂದಲ್ಲ. ಆದರೆ ಒಂಬತ್ತು ದಿನ ಮುಚ್ಚಿಟ್ಟು ಬರೆದವಳು ಇನ್ನೇನು ಮುಚ್ಚಿಟ್ಟಿದ್ದಾಳೋ ಎನ್ನಿಸುತ್ತದೆ. ಮಾತ್ರೆ ಬಿಡದಿದ್ದರೆ ಅಮ್ಮನಿಗೆ ಹೇಳುತ್ತೇನೆ. ಅವಳು ಹೊರಟು ನಿನ್ನ ಅಂಗಡಿಗೇ ಬರುತ್ತಾಳೆ. ಮಾಸ್ಟರ ಮುಂದೆಯೇ ಕೇಳುತ್ತಾಳೆ. ಅವಳ ಗಂಟಲು ನಿನಗೆ ಗೊತ್ತಲ್ಲ.

ಅಕ್ಕ


ಮಾರ್ಚ್ 21

ಅಕ್ಕ,

ಹೌದು. ಹೌದು. ಹೌದು. ಮುಟ್ಟು ಆಗಿಲ್ಲ. ಹದಿನೈದನೆಯ ದಿನದಿಂದ.

ಈಗ ನಾನು ಕೇಳುತ್ತೇನೆ. ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಮಲಗುವ ಹುಡುಗಿಗೂ ಗೊತ್ತಿಲ್ಲ. ನಿನಗೆ ಹೇಗೆ ಗೊತ್ತಾಯಿತು? ದಾರದ ಉಂಡೆ ಕೈಯಲ್ಲಿ ಹಿಡಿದವಳ ಹಾಗೆ ಒಂದೊಂದೇ ಎಳೆ ಎಳೆಯುತ್ತೀಯ, ಉಂಡೆ ಮಾತ್ರ ತೋರಿಸುವುದಿಲ್ಲ. ಅಲ್ಲಿ ನೀವೇ ಇದನ್ನು ಮಾಡಿ ಆಂಟಿಯಂಥವರ ಕೈಗೆ ಕೊಡುತ್ತಿದ್ದೀರಾ? ಬೇರೆಯವರ ಮನೆಯ ಮಕ್ಕಳು ತಿಂದರೆ ಪರವಾಗಿಲ್ಲ, ನಿನ್ನ ತಂಗಿ ತಿನ್ನಬಾರದು, ಹಾಗಾ?

ಇಲ್ಲ ಎಂದಾದರೆ ಇನ್ನೊಂದೇ ಉಳಿಯಿತು. ಬರೆಯಬಾರದು, ಆದರೂ ಬರೆಯುತ್ತೇನೆ. ಚಿಕ್ಕಂದಿನಿಂದ ನಿನ್ನನ್ನು ಎಲ್ಲರೂ ಕಡ್ಡಿ ಎಂದು ಕರೆದರು. ನನ್ನ ಬಟ್ಟೆ ನಿನಗೆ ಹಾಕಿದರೆ ನೇತಾಡುತ್ತಿತ್ತು. ನನಗೆ ಭಾರವಾದದ್ದು ನಿನಗೆ ಬೇಕಿತ್ತು. ಈಗ ನನ್ನದು ಕರಗುತ್ತಿದೆ ಎಂದರೆ ನಿನಗೆ ಖುಷಿಯೂ ಇಲ್ಲ, ಕನಿಕರವೂ ಇಲ್ಲ, ಬರೀ ಅನುಮಾನ. ಇದಕ್ಕೆ ಹೊಟ್ಟೆಕಿಚ್ಚು ಎನ್ನದೆ ಬೇರೇನು ಹೇಳಲಿ?

ಇಲ್ಲಿ ನನ್ನ ತಲೆ ಮೊದಲೇ ಕೆಟ್ಟಿದೆ. ಫೆಬ್ರವರಿ ಕೊನೆಯಲ್ಲಿ ಒಂದು ಆಸ್ಪತ್ರೆಯ ಹನ್ನೊಂದು ನರ್ಸುಗಳು ಕೋಟು ಹೊಲಿಸಲು ಬಂದಿದ್ದರು. ಅಂಗಡಿಯಲ್ಲಿ ಹೆಂಗಸು ನಾನೊಬ್ಬಳೇ, ಹಾಗಾಗಿ ಅಳತೆ ತೆಗೆದವಳು ನಾನು. ಮೊನ್ನೆ ಹನ್ನೊಂದೂ ವಾಪಸು ಬಂದವು. ಎದೆಯಲ್ಲಿ ಬಿಗಿ, ಸೊಂಟದಲ್ಲಿ ಬಿಗಿ, ತೋಳು ಗಿಡ್ಡ, ಉದ್ದವೂ ಗಿಡ್ಡ. ಅವರಲ್ಲಿ ಹಿರಿಯ ನರ್ಸಮ್ಮ ಕೋಟು ಹಾಕಿಕೊಂಡೇ ಬಂದು ಮಾಸ್ಟರ ಮುಂದೆ ನಿಂತರು. ಎರಡು ಗುಂಡಿಯ ನಡುವೆ ಬಟ್ಟೆ ಬಾಯಿ ಬಿಟ್ಟಿತ್ತು.

"ಒಂದು ತಿಂಗಳಲ್ಲಿ ಹನ್ನೊಂದು ಜನಾನೂ ದಪ್ಪ ಆದ್ರಾ ಅಂತ ಕೇಳ್ಬೇಡಿ. ಆಗಿರಬಹುದು, ಕ್ಯಾಂಟೀನ್ ಚೆನ್ನಾಗಿದೆ. ಆದ್ರೆ ಹನ್ನೊಂದು ಜನಾನೂ ಒಂದೊಂದು ಇಂಚು ಉದ್ದ ಬೆಳೆಯೋ ವಯಸ್ಸಾ ನಮ್ಮದು?" ಅಂದರು.

ಮಾಸ್ಟರಿಗೆ ಬಟ್ಟೆ ಅಂಗಡಿಯವನ ಮೇಲೆ ಅನುಮಾನ. ನೀರಿಗೆ ಹಾಕಿದರೆ ಕುಗ್ಗುವ ಬಟ್ಟೆ ಕೊಟ್ಟಿದ್ದಾನೆ ಎನ್ನುತ್ತಾರೆ. ಬಟ್ಟೆ ಅಂಗಡಿಯವನಿಗೆ ಮಾಸ್ಟರ ಕತ್ತರಿಯ ಮೇಲೆ ಅನುಮಾನ. ನನ್ನ ಕೈ ನಡುಗುವುದನ್ನು ಮಾಸ್ಟರ್ ನೋಡಿದ್ದಾರೆ. ಇನ್ನೂ ಏನೂ ಅಂದಿಲ್ಲ.

ಅಮ್ಮನಿಗೆ ಹೇಳುವುದಾದರೆ ಹೇಳು. ನಾನು ಮಾತ್ರೆ ಬಿಡುವುದಿಲ್ಲ.

ಪುಟ್ಟಿ


ಮಾರ್ಚ್ 28

ಪುಟ್ಟಿ,

ಈ ಕಾಗದವನ್ನು ಟೇಪು ಪಕ್ಕದಲ್ಲಿಟ್ಟುಕೊಂಡು ಓದು.

ಹಳೆಯ ಟೇಪಿನಲ್ಲಿ ಮೊದಲ ಇಂಚು ಇರಲಿಲ್ಲ, ಅದಕ್ಕೆ ಒಂದು ಕಳೆಯುತ್ತಿದ್ದೆವು ಎಂದು ನೀನೇ ಬರೆದಿದ್ದೆ. ಹೊಸ ಟೇಪಿಗೆ ಎರಡು ಕಡೆಯೂ ತಗಡಿದೆ, ಇಂಚು ಪೂರ್ತಿ ಇದೆ. ಈಗಲೂ ನಿನ್ನ ತಲೆ ಒಂದು ಕಳೆಯುತ್ತಿದೆ. ಎರಡು ವರ್ಷದ ರೂಢಿ, ನಿನಗೆ ಗೊತ್ತಾಗದೆಯೇ ಕಳೆದು ಬರೆಯುತ್ತಿದ್ದೀಯ. ನರ್ಸುಗಳ ಎದೆ, ಸೊಂಟ, ತೋಳು, ಉದ್ದ ಎಲ್ಲದರಲ್ಲೂ ಒಂದೊಂದು ಇಂಚು ಹೋಗಿದೆ. ನಿನ್ನದೂ ಹಾಗೆಯೇ ಹೋಗಿದೆ. ನೀನು ಕರಗಿಲ್ಲ ಪುಟ್ಟಿ. ನಂಬಿಕೆ ಬರದಿದ್ದರೆ ನಿನ್ನ ಮಿಷನ್ನಿನ ಹಲಗೆಯನ್ನು ಮೊದಲು ಅಡಿಕೋಲಿನಿಂದ ಅಳೆ, ಆಮೇಲೆ ಟೇಪಿನಿಂದ ಅಳೆದು ಬರೆ. ಬರೆಯುವಾಗ ನಿನ್ನ ಕೈ ಏನು ಮಾಡುತ್ತದೆ ಎಂದು ನೋಡು.

ಇನ್ನು ನನ್ನ ಉಂಡೆ.

ನಮ್ಮ ಷೆಡ್ಡಿನಲ್ಲಿ ಉದ್ದನೆಯ ಒಂದು ಮೇಜು. ಆರು ಜನ ಹೆಂಗಸರು ಕೂರುತ್ತೇವೆ. ಹಿಂದಿನ ಗೋಡೆಗೆ ಮಾತ್ರೆ ತುಂಬಿದ ಡ್ರಮ್ಮು. ಬೆಳ್ಳಗಿನ ಮಾತ್ರೆ, ನಡುವೆ ಗೀಟು. ಬೆಳಿಗ್ಗೆ ಒಂಬತ್ತಕ್ಕೆ ಸೂಪರ್‌ವೈಸರ್ ಹೂವಿನ ಲೇಬಲ್ಲಿನ ಕಟ್ಟು ತಂದಿಡುತ್ತಾನೆ. ಅದರ ಮೇಲೆ ಎದೆ ಚಿಕ್ಕದಾಗಿಸಲು ಎಂದಿರುತ್ತದೆ. ಹಸಿರು ಮುಚ್ಚಳ. ಊಟ ಮುಗಿಸಿ ಬಂದು ಕೂತರೆ ಮೇಜಿನ ಮೇಲೆ ಬೇರೆ ಕಟ್ಟು. ಅದರಲ್ಲಿ ಹೆಂಗಸಿನ ಚಿತ್ರ. ಎದೆ ದೊಡ್ಡದಾಗಿಸಲು ಎಂದಿರುತ್ತದೆ. ಕೆಂಪು ಮುಚ್ಚಳ. ಡ್ರಮ್ಮು ಮಾತ್ರ ಬೆಳಗಿನದೇ.

ಮೊದಲ ವಾರ ನಾನು ಸೂಪರ್‌ವೈಸರನ್ನು ಕರೆದು, ಡ್ರಮ್ಮು ಬದಲಾಯಿಸುವುದು ಮರೆತಿದ್ದೀರಿ ಎಂದೆ. ಅವನು, "ಮುಚ್ಚಳ ಬದಲಾಯಿಸಿದೀವಲ್ಲ" ಅಂದ. ಮೇಜಿನ ಸುತ್ತ ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಥ ಕಡೆ ನಗದಿದ್ದವಳು ಎದ್ದು ಕಾಣುತ್ತಾಳೆ.

ಇದನ್ನು ಮೊದಲೇ ಬರೆಯಲು ಧೈರ್ಯ ಬರಲಿಲ್ಲ. ಕಾಗದ ಯಾರ ಕೈಗೆ ಸಿಗುತ್ತದೋ ಎನ್ನುವ ಭಯ. ಅದಕ್ಕಿಂತ, ನಿನ್ನ ಕೈಗೆ ಬಂದ ಬಾಟಲಿಗೆ ಲೇಬಲ್ ಅಂಟಿಸಿದ್ದು ನನ್ನ ಕೈಯೇ ಇರಬಹುದು ಎನ್ನುವುದು. ಅದರಲ್ಲಿ ಏನಿದೆ ಎಂದು ನನಗೆ ದೇವರಾಣೆ ಗೊತ್ತಿಲ್ಲ. ಬರೀ ಸುಣ್ಣದ ಪುಡಿಯಾಗಿದ್ದರೆ ನಿನ್ನ ಕೈ ನಡುಗುತ್ತಿರಲಿಲ್ಲ. ಇವತ್ತೇ ಬಿಡು. ಡಾಕ್ಟರ ಹತ್ತಿರ ಹೋಗು. ಬಾಟಲಿ ಎಸೆಯಬೇಡ, ತೆಗೆದುಕೊಂಡು ಹೋಗು.

ಹೊಟ್ಟೆಕಿಚ್ಚು ಎಂದು ಬರೆದಿದ್ದೀಯ. ಅದಕ್ಕೆ ಉತ್ತರ ಇನ್ನೊಮ್ಮೆ ಬರೆಯುತ್ತೇನೆ.

ಅಕ್ಕ


ಏಪ್ರಿಲ್ 19

ಅಕ್ಕ,

ತಡವಾಯಿತು. ನಿನ್ನ ಕಾಗದ ಓದಿ ಮೂರು ದಿನ ಟೇಪು ಮುಟ್ಟಲಿಲ್ಲ. ನಾಲ್ಕನೆಯ ದಿನ ಹಲಗೆ ಅಳೆದೆ. ಅಡಿಕೋಲಿನಲ್ಲಿ ಇಪ್ಪತ್ನಾಲ್ಕು. ಟೇಪಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದೆ. ಇಪ್ಪತ್ಮೂರು ಎಂದು ಬರೆದಿದ್ದೆ. ಕಣ್ಣು ಇಪ್ಪತ್ನಾಲ್ಕು ನೋಡುತ್ತಿದೆ, ಪೆನ್ನು ಇಪ್ಪತ್ಮೂರು ಬರೆಯುತ್ತಿದೆ. ನನಗೆ ನನ್ನ ಕೈಯ ಮೇಲೇ ಭಯವಾಯಿತು.

ನನ್ನ ಎದೆ ನಲವತ್ತೆರಡೇ. ಅದನ್ನು ನೋಡಿ ಎಷ್ಟು ಅತ್ತೆನೋ ಗೊತ್ತಿಲ್ಲ. ಇಲ್ಲದ ಒಂದು ಇಂಚಿಗೆ ಹಾಗೆ ಅತ್ತೆ.

ಮಾಸ್ಟರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಟೇಪು ನೋಡಿ, "ಹಾಗಾದ್ರೆ ಬಟ್ಟೆಯವನ ಹತ್ರ ನಾನು ಹೋಗಿ ಕ್ಷಮೆ ಕೇಳ್ಬೇಕಾ?" ಅಂದರು. ಅವರ ಚಿಂತೆ ಅವರಿಗೆ. ಕೋಟುಗಳಿಗೆ ಪಕ್ಕದಲ್ಲೂ ತುದಿಗಳಲ್ಲೂ ಪಟ್ಟಿ ಸೇರಿಸಿ ಕೊಡುವುದು ಎಂದಾಯಿತು. ಹಿರಿಯ ನರ್ಸಮ್ಮನ ಅಳತೆ ಮತ್ತೆ ತೆಗೆಯುತ್ತಿದ್ದೆ. ಅವರು ಟೇಪು ಬಿಟ್ಟು ನನ್ನ ಕೈ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ನನ್ನ ಮಣಿಕಟ್ಟು ಹಿಡಿದು ಗೋಡೆ ಗಡಿಯಾರ ನೋಡುತ್ತಾ ನಿಂತರು.

"ನಿಂತಲ್ಲೇ ನಿಂತು ನಾಡಿ ನೂರ ಹದಿನೆಂಟಾ? ಏನು ತಗೋತಿದ್ದೀಯ, ನಿಜ ಹೇಳು" ಅಂದರು.

ಹೇಳಿಬಿಟ್ಟೆ. ಅವರೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಮ್ಮನಿಗೆ ನಮ್ಮ ಅಮ್ಮನಷ್ಟು ವಯಸ್ಸು. ಭುಜದ ಗುಳಿ ಮುಟ್ಟಿ ನೋಡಿ, "ಇಷ್ಟು ದಿನ ಹೇಗೆ ತಡ್ಕೊಂಡೆ?" ಎಂದು ಕೇಳಿದರು. ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಅಕ್ಕ. ನೀನೂ ಕೇಳಲಿಲ್ಲ.

ಮಾತ್ರೆಯ ವಿಷಯ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಎದೆ ಚಿಕ್ಕದು ಮಾಡೋಕೆ ಅಂತಾನೇ ಮಾತ್ರೆ ಇಲ್ಲಮ್ಮ. ಬೇರೆ ಯಾವುದೋ ಔಷಧಿಯಿಂದ, ಹಾರ್ಮೋನಿಂದ ದಪ್ಪ ಆಗಿದ್ರೆ ಅದನ್ನ ಹುಡುಕಿ ಸರಿ ಮಾಡಬಹುದು. ಮೈ ತೂಕ ಇಳಿದ್ರೆ ಕೆಲವರಿಗೆ ಒಂದಿಷ್ಟು ಇಳಿಯುತ್ತೆ, ಕೆಲವರಿಗೆ ಇಲ್ಲ. ಸರಿಯಾದ ಅಳತೆಯ, ಅಗಲ ಪಟ್ಟಿಯ ಬ್ರಾ ಹಾಕು, ಬೆನ್ನಿಗೆ ವ್ಯಾಯಾಮ ಹೇಳಿಕೊಡ್ತೀವಿ. ಅಷ್ಟಕ್ಕೂ ನೋವು ಹೋಗದಿದ್ರೆ ಆಪರೇಷನ್. ಅದರಲ್ಲಿ ನಾಚಿಕೆ ಏನಿಲ್ಲ, ಅದಕ್ಕೂ ಅದರದೇ ಆದ ಅಪಾಯ ಇದೆ, ಕೂತು ಮಾತಾಡೋಣ."

ರಕ್ತ ತೆಗೆದರು. ಥೈರಾಯ್ಡು ಏರುಪೇರಾಗಿದೆಯಂತೆ. ಆ ಮಾತ್ರೆಯಲ್ಲಿ ಥೈರಾಯ್ಡಿನ ಔಷಧಿ ಬೆರೆಸಿರಬಹುದು ಎಂದು ಅವರ ಅನುಮಾನ. ಪರೀಕ್ಷೆ ಆಗದೆ ಖಂಡಿತ ಹೇಳುವಂತಿಲ್ಲವಂತೆ. ಬಾಟಲಿ ಅವರ ಹತ್ತಿರವೇ ಇದೆ. ನಾನು ಮಾತ್ರೆ ಬಿಟ್ಟು ಇವತ್ತಿಗೆ ಹದಿನಾರು ದಿನ. ಬ್ಯಾಗಿನಾಂಟಿ ಆಮೇಲೆ ನಮ್ಮ ಬೀದಿಗೆ ಬಂದಿಲ್ಲ. ನೀನು ಹೇಳಿದ್ದೇ ನಿಜ, ಅವರ ಮನೆ ಯಾರಿಗೂ ಗೊತ್ತಿಲ್ಲ.

ಈಗ ಕೊನೆಯ ಮಾತು. ಡಾಕ್ಟರಮ್ಮ ಎದೆ ಡವಗುಟ್ಟುವುದು, ನಡುಕ, ಬೆವರು, ಮುಟ್ಟು ಎಂದು ಒಂದೊಂದಾಗಿ ಕೇಳುವಾಗ ನನಗೆ ನಿನ್ನ ಕಾಗದ ಕಣ್ಣ ಮುಂದೆ ಬಂತು. ಅದೇ ಪ್ರಶ್ನೆ, ಅದೇ ಸಾಲು. ಅವರು ಓದಿ ಕಲಿತವರು. ಲೇಬಲ್ ಅಂಟಿಸುವವಳಿಗೆ ಇದೆಲ್ಲ ಎಲ್ಲಿಂದ ಬಂತು? ಬಾಟಲಿಯ ಮೇಲೆ ಹೂವು, ಎದೆ ಚಿಕ್ಕದಾಗಿಸಲು ಎನ್ನುವ ಒಂದು ಸಾಲು ಬಿಟ್ಟರೆ ಬೇರೇನೂ ಇಲ್ಲ.

ಅಕ್ಕ, ನೀನೂ ತೆಗೆದುಕೊಂಡಿದ್ದೀಯಾ?

ಪುಟ್ಟಿ


ಮೇ 12

ಅಕ್ಕ,

ಇಪ್ಪತ್ತಮೂರು ದಿನವಾಯಿತು. ಉತ್ತರವಿಲ್ಲ. ಷೆಡ್ಡಿನಲ್ಲಿ ಕಾಗದ ಸಿಕ್ಕಿಬಿತ್ತಾ? ಮೊನ್ನೆ ಮನೆಗೆ ಫೋನು ಮಾಡಿದೆ. ಭಾವ, "ಅವಳು ಕೆಲಸಕ್ಕೆ ಹೋಗಿದಾಳೆ, ಚೆನ್ನಾಗಿದಾಳೆ" ಅಂದರು. ಭಾನುವಾರ ಯಾವ ಕೆಲಸ ಎಂದು ಕೇಳದೆ ಫೋನು ಇಟ್ಟೆ.

ಹೌದು ಅಲ್ಲ ಎಂದಷ್ಟೇ ಬರೆ. ಬಿಸಿಲಿನ ಕತೆ ಬೇಡ.

ಪುಟ್ಟಿ


ಜೂನ್ 3

ಪುಟ್ಟಿ,

ಹೌದು.

ಎರಡು ಕಾಗದವೂ ತಲುಪಿದ್ದವು. ಯಾರೂ ಬಿಚ್ಚಿರಲಿಲ್ಲ. ವಾಚ್‌ಮನ್ ಮೇಲೆ ಸುಮ್ಮನೆ ಅನುಮಾನಪಟ್ಟೆ, ಅವನಿಗೆ ಓದಲು ಬರುವುದಿಲ್ಲವಂತೆ.

ನೀನು ಹೊಟ್ಟೆಕಿಚ್ಚು ಎಂದು ಬರೆದದ್ದು ಸುಳ್ಳಲ್ಲ. ನೀನು ಹದಿಮೂರಕ್ಕೆ ತುಂಬಿಕೊಂಡೆ. ನಾನು ಹದಿನೇಳಕ್ಕೂ ಕಡ್ಡಿಯೇ. ನೀನು ಬೆನ್ನು ಬಾಗಿಸಿ ನಡೆಯುವಾಗ, ಇದ್ದೂ ಅನುಭವಿಸಲು ಬರದವಳು ಎಂದುಕೊಳ್ಳುತ್ತಿದ್ದೆ. ನಿನಗೆ ನೋಯುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಭುಜದ ಗುಳಿಯ ವಿಷಯ ನಿನ್ನ ಮೊದಲ ಕಾಗದದಲ್ಲೇ ಇತ್ತು. ಅದನ್ನು ದಾಟಿಕೊಂಡು ಮುಚ್ಚಳದ ಬಣ್ಣ ಕೇಳಿದೆ.

ಮದುವೆಯಾದ ಎರಡನೆಯ ವರ್ಷ ನಿನ್ನ ಭಾವನ ಗೆಳೆಯರು ಮನೆಗೆ ಬಂದಿದ್ದರು. ನಾನು ಚಹಾ ತರುತ್ತಿದ್ದೆ. ಬಾಗಿಲ ಹತ್ತಿರ ಬಂದಾಗ ನಿನ್ನ ಭಾವ ನನ್ನ ಬಗ್ಗೆ ಹೇಳುತ್ತಿದ್ದದ್ದು ಕೇಳಿಸಿತು. "ನಾನು ಮೊದಲ ಸಲ ನೋಡಿದ್ದು ಚಳಿಗಾಲದಲ್ಲಿ ಕಣ್ರಪ್ಪ, ದಪ್ಪ ಸ್ವೆಟರ್ ಹಾಕಿದ್ಲು. ಬೇಸಿಗೆ ಬಂದ್ಮೇಲೆ ಗೊತ್ತಾಯ್ತು ಒಳಗೆ ಬರೀ ಸ್ವೆಟರೇ ಅಂತ." ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಚಹಾ ಕೊಟ್ಟೆ. ನನ್ನ ಮುಖದಲ್ಲೂ ನಗು ಇತ್ತು, ಅದು ಹೇಗೆ ಬಂತೋ.

ಷೆಡ್ಡಿಗೆ ಸೇರಿದ ಮೇಲೆ ಮಧ್ಯಾಹ್ನದ ಲೇಬಲ್ ದಿನಾ ನನ್ನ ಕೈಯಲ್ಲಿ. ಡ್ರಮ್ಮು ಒಂದೇ ಎಂದು ಗೊತ್ತಿತ್ತು. ಮುಚ್ಚಳ ಬದಲಾಯಿಸಿದೀವಲ್ಲ ಎನ್ನುವ ಮಾತಿಗೆ ನಕ್ಕವಳೂ ನಾನೇ. ಆದರೂ ಕೆಂಪು ಮುಚ್ಚಳದ ಬಾಟಲಿ ಒಂದನ್ನು ಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ದಿನಕ್ಕೆ ಮುನ್ನೂರು ಸಲ ಒಂದೇ ಸುಳ್ಳನ್ನು ಕೈಯಾರೆ ಅಂಟಿಸಿದರೆ ಒಂದಾದರೂ ನಿಜವಿರಬಹುದು ಎನ್ನಿಸುತ್ತದೆ. ಖಾಲಿಯಾದಾಗಲೆಲ್ಲ ಇನ್ನೊಂದು ತಂದು ಹದಿನಾಲ್ಕು ತಿಂಗಳು ತಿಂದೆ. ದೊಡ್ಡದಾಗುವ ಬದಲು ಇನ್ನೂ ಬತ್ತಿದೆ. ಒಂದು ಮಾತ್ರೆ ಸಾಲದೇನೋ ಎಂದು ದಿನಕ್ಕೆ ಎರಡು ಮಾಡಿದೆ. ಒಂಬತ್ತು ತಿಂಗಳಿಂದ ಮುಟ್ಟಾಗಿಲ್ಲ. ಅತ್ತೆ ಮೊದಲು ಖುಷಿಪಟ್ಟರು, ಆಮೇಲೆ ಮಾತು ಬಿಟ್ಟರು. ಡಾಕ್ಟರ ಹತ್ತಿರ ಹೋದರೆ ಏನು ತಿಂದೆ, ಯಾಕೆ ತಿಂದೆ ಎಂದು ಹೇಳಬೇಕಾಗುತ್ತದೆ, ಅದಕ್ಕೇ ಹೋಗಲಿಲ್ಲ.

ನಿನಗೆ ತೆಗೆದುಕೊಳ್ಳಬೇಡ ಎಂದು ಬರೆದ ದಿನ, ಆ ಕಾಗದ ಮಡಚಿಟ್ಟು ನಾನು ಒಂದು ಮಾತ್ರೆ ನುಂಗಿದೆ. ನಿನ್ನ ಏಪ್ರಿಲ್ ಕಾಗದ ಬಂದ ದಿನವೂ ನುಂಗಿದೆ. ಆ ಭಾನುವಾರ ನೀನು ಫೋನು ಮಾಡಿದಾಗ ನಾನು ಮನೆಯಲ್ಲೇ ಇದ್ದೆ. ಮಲಗಿದ್ದೆ. ಎದ್ದರೆ ಗೋಡೆ ತಿರುಗುತ್ತಿತ್ತು. ಕೆಲಸಕ್ಕೆ ಹೋಗಿದ್ದಾಳೆ ಎಂದು ಹೇಳಿ ಎಂದು ನಿನ್ನ ಭಾವನಿಗೆ ಹೇಳಿದ್ದು ನಾನೇ. ಇಲ್ಲಿಯವರೆಗೆ ನಿನ್ನ ಹತ್ತಿರ ಹೇಳಿದ ಒಂದು ಸುಳ್ಳಿಗೂ ಅವರು ಕಾರಣರಲ್ಲ, ಎಲ್ಲ ನನ್ನವೇ.

ಮೊನ್ನೆ ಷೆಡ್ಡಿನಲ್ಲಿ ಬಿದ್ದೆ. ಅಂಟಿನ ಡಬ್ಬಿಯ ಮೇಲೆಯೇ ಬಿದ್ದೆ. ಸೂಪರ್‌ವೈಸರ್ ನೀರು ಚಿಮುಕಿಸಿ, "ಬಿಸಿಲು ಕಣಮ್ಮ, ಬಿಸಿಲು" ಅಂದ. ನನಗೆ ನೀನು ನೆನಪಾದೆ.

ಸಂಜೆ ನಿನ್ನ ಭಾವನಿಗೆ ಎಲ್ಲ ಹೇಳಿದೆ. ಸ್ವೆಟರಿನ ಮಾತನ್ನೂ ಹೇಳಿದೆ. ಅವರು, "ಅದನ್ನ ಕೇಳಿಸ್ಕೊಂಡಿದ್ಯಾ ನೀನು?" ಎಂದರು. ಅಂದದ್ದಕ್ಕೆ ಅಲ್ಲ, ಕೇಳಿಸಿದ್ದಕ್ಕೆ ಅವರಿಗೆ ಬೇಜಾರಾಗಿತ್ತೋ ಏನೋ, ಮುಖದಿಂದ ತಿಳಿಯಲಿಲ್ಲ. ನಾನು ತಿಳಿದುಕೊಳ್ಳಲು ನಿಲ್ಲಲೂ ಇಲ್ಲ. ಎರಡು ಜೊತೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮಂಗಳವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಹತ್ತೂವರೆಗೆ ನಿಮ್ಮ ನಿಲ್ದಾಣ. ಕೆಂಪು ಮುಚ್ಚಳದ ಬಾಟಲಿ ನನ್ನ ಹತ್ತಿರ ಇದೆ, ಎರಡು ಕಟ್ಟಿನಿಂದಲೂ ಒಂದೊಂದು ಲೇಬಲ್ ತಂದಿದ್ದೇನೆ. ಡಾಕ್ಟರಮ್ಮ ಯಾರಿಗೆ ತೋರಿಸಬೇಕೆಂದರೂ ತೋರಿಸಲಿ. ಎಲ್ಲಿ ಕೆಲಸ ಮಾಡಿದೆ ಎಂದು ಕೇಳಿದರೆ ಷೆಡ್ಡಿನ ವಿಳಾಸವನ್ನೂ ಬರೆಸುತ್ತೇನೆ. ಮತ್ತೆ ಅಲ್ಲಿಗೆ ಹೋಗುವಂತಿಲ್ಲ ಎಂದು ಗೊತ್ತಿದೆ.

ಒಂದೇ ಭಯ. ಡಾಕ್ಟರಮ್ಮನ ಮುಂದೆ ಕೂತಾಗ, ಎಷ್ಟು ದಿನ ತಿಂದೆ ಎಂದು ಅವರು ಕೇಳಿದರೆ ನನ್ನ ಬಾಯಿ ಕಡಿಮೆ ಮಾಡಿ ಹೇಳಿಬಿಡುತ್ತದೆ. ನೀನು ಪಕ್ಕದಲ್ಲೇ ಕೂತಿರು. ನನ್ನ ಕೈ ಹಿಡಿದುಕೊಂಡಿರು. ಸುಳ್ಳು ಬರುತ್ತಿದೆ ಎನ್ನಿಸಿದ ಕೂಡಲೇ ಚಿವುಟು, ಜೋರಾಗಿ ಚಿವುಟು.

ಅಕ್ಕ